ಹನ್ನೊಂದು ರ‍್ಯಾಕಿನ ಬುಗುರಿ

ಚಹಾದ ಲೋಟ ಹಿಡಿದುಕೊಂಡು ನನ್ನ ಯಂತ್ರದ ಕೋಣೆಗೆ ಬರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಪ್ರೊಫೆಸರಾಗಲಿ, ನಿರ್ದೇಶಕರಾಗಲಿ, ಬಾಗಿಲಲ್ಲೇ ತಡೆದು ಲೋಟ ಕಸಿದುಕೊಳ್ಳುತ್ತೇನೆ. ಅದಕ್ಕೇ ಸಂಸ್ಥೆಯವರು ನನಗೆ ದೂರ್ವಾಸ ಎಂದು ಹೆಸರಿಟ್ಟಿದ್ದಾರೆ. ಇಡಲಿ, ನನ್ನದೇನೂ ಗಂಟು ಹೋಗುವುದಿಲ್ಲ. ಹನ್ನೆರಡು ರ‍್ಯಾಕ್ ತುಂಬ ಕಂಪ್ಯೂಟರುಗಳು, ಅವುಗಳ ಬೆನ್ನಿಗೆ ತಣ್ಣೀರಿನ ಕೊಳವೆಗಳು, ಕಿವಿ ಕಿವುಡಾಗಿಸುವ ಫ್ಯಾನುಗಳು. ಇವನ್ನು ಇಪ್ಪತ್ತೆರಡು ವರ್ಷದಿಂದ ಕಾಯುತ್ತಿರುವವನು ನಾನು.

ಬಾಗಿಲ ಮೇಲೆ ನಾನೇ ಹಾಕಿದ ಫಲಕವೊಂದಿದೆ. ‘ನಿಲ್ಲದೆ ನಡೆದ ದಿನಗಳು’ ಎಂದು ಬರೆದು, ಕೆಳಗೆ ನಾಲ್ಕು ಕೊಕ್ಕೆಗಳಲ್ಲಿ ತಗಡಿನ ಅಂಕಿಗಳನ್ನು ನೇತುಹಾಕಿದ್ದೇನೆ. ಒಂದೇ ಒಂದು ರ‍್ಯಾಕ್ ನಿಂತರೂ ಎಣಿಕೆ ಸೊನ್ನೆಗೆ ಬರಬೇಕು, ಅದು ನಾನೇ ಮಾಡಿದ ಕಾನೂನು. ಬೆಳಿಗ್ಗೆ ಬಂದ ತಕ್ಷಣ ಅಂಕಿ ಬದಲಾಯಿಸುವುದೇ ನನ್ನ ಮೊದಲ ಕೆಲಸ. ಯಂತ್ರ ಆ ದಿನ ಹೇಗೆ ನಡೆಯಿತೆಂದು ಲಾಗ್ ಪುಸ್ತಕದಲ್ಲಿ ಬರೆದಿಡುವುದು ಕೊನೆಯದು. ಆರಡಿ ಎತ್ತರದ ಆಳು ನಾನು, ಕೈ ಎತ್ತಿದರೆ ಸಾಕು.

ಗುಬ್ಬಿಗೆ ಹಾಗಲ್ಲ. ಮೇಲಿನ ಮಹಡಿಯಲ್ಲಿ, ನಾವೆಲ್ಲ ಮೇಷ್ಟ್ರು ಎಂದು ಕರೆಯುವ ಖಗೋಳ ಪ್ರೊಫೆಸರ ಕೈಕೆಳಗೆ ಪಿಎಚ್‌ಡಿ ಮಾಡುತ್ತಿದ್ದ ಹುಡುಗಿ ಅವಳು, ನನ್ನ ಮೊಣಕೈಗೆ ಬಂದರೆ ಹೆಚ್ಚು. ರ‍್ಯಾಕಿನ ಮೇಲುಸಾಲಿನ ದೀಪಗಳು ಹಸಿರೋ ಹಳದಿಯೋ ನೋಡಬೇಕೆಂದರೆ ನನ್ನ ಸ್ಟೂಲನ್ನು ದರದರ ಎಳೆದುಕೊಂಡು ಹತ್ತುತ್ತಿದ್ದಳು. ಎಳೆದದ್ದನ್ನು ವಾಪಸು ಇಡುವ ಅಭ್ಯಾಸ ಮಾತ್ರ ಅವಳಿಗೆ ಹುಟ್ಟಿನಿಂದಲೇ ಇಲ್ಲ. ಎಷ್ಟು ಸಲ ಬೈದರೂ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ.

ಬೈಯುತ್ತಿದ್ದೆ ನಿಜ, ಆದರೆ ಅವಳು ಬಂದರೆ ನನಗೆ ಖುಷಿಯಾಗುತ್ತಿತ್ತು. ಉಳಿದವರಿಗೆ ಯಂತ್ರವೆಂದರೆ ಗೋಡೆಯಾಚೆಯ ಸದ್ದು. ಇವಳು ಕೆಳಗಿಳಿದು ಬಂದು, ತನ್ನ ಲೆಕ್ಕ ಈಗ ಯಾವ ರ‍್ಯಾಕಿನಲ್ಲಿ ಏನು ಮಾಡುತ್ತಿದೆ ಎಂದು ನನಗೆ ಹೇಳುತ್ತಿದ್ದಳು. ಒಂದು ದೊಡ್ಡ ಪೆಟ್ಟಿಗೆ ಎಂದುಕೊಳ್ಳಬೇಕಂತೆ. ಅದರೊಳಗೆ ಆದಿಕಾಲದ ಜಗತ್ತನ್ನು ಸಣ್ಣ ಸಣ್ಣ ತುಣುಕುಗಳಾಗಿ ಹರಡಿ, ಗುರುತ್ವದ ನಿಯಮ ಹೇಳಿಕೊಟ್ಟು ಬಿಟ್ಟುಬಿಡುವುದು. ಹದಿಮೂರು ನೂರು ಕೋಟಿ ವರ್ಷಗಳಲ್ಲಿ ನಡೆದದ್ದನ್ನು ನನ್ನ ಯಂತ್ರ ಇಪ್ಪತ್ತೊಂದು ದಿನದಲ್ಲಿ ನಡೆಸಿ ತೋರಿಸುತ್ತಿತ್ತು.

“ಹಾಲೋ ಹಾಲೋ ಅಂತೀಯಲ್ಲ, ಏನಮ್ಮ ಅದು?” ಎಂದು ಒಮ್ಮೆ ಕೇಳಿದ್ದೆ.

“ಮನೆ ಇದ್ದ ಹಾಗೆ ಅಣ್ಣ,” ಎಂದಳು. “ಗ್ಯಾಲಕ್ಸಿಯಲ್ಲಿ ನಮಗೆ ಕಾಣೋದು ನಕ್ಷತ್ರ, ಅನಿಲ, ಅಷ್ಟೆ. ಅದರ ಸುತ್ತ ಕಪ್ಪು ವಸ್ತುವಿನ ದೊಡ್ಡ ಉಂಡೆ ಇರುತ್ತೆ. ಬೆಳಕು ಕೊಡಲ್ಲ, ಎಳೆಯುತ್ತೆ ಮಾತ್ರ. ಅದೇ ಹಾಲೋ. ಮೊದಲು ಆ ಮನೆ ಏಳುತ್ತೆ, ಆಮೇಲೆ ಅನಿಲ ಒಳಗೆ ಬಂದು ಸಂಸಾರ ಹೂಡುತ್ತೆ.”

“ಗೋಡೆಯೇ ಕಾಣದ ಮನೆಯಾ?”

“ಹೂಂ. ಒಳಗಿರೋರು ಓಡಾಡೋದನ್ನ ನೋಡಿ ಗೋಡೆ ಎಲ್ಲಿದೆ ಅಂತ ಹೇಳ್ಬೇಕು.”

ನನ್ನ ಸರ್ವೀಸಿನಲ್ಲಿ ನನಗೆ ಅರ್ಥವಾಗುವಂತೆ ಮಾತಾಡಿದ ಮೊದಲ ವಿಜ್ಞಾನಿ ಅವಳು. ಅದಕ್ಕೇ ಅವಳ ಮೇಲೆ ಒಂದು ಗೌರವ.

ಅವಳ ಆ ಪೆಟ್ಟಿಗೆಯಲ್ಲಿ ಹುಟ್ಟಿದ್ದು ಬುಗುರಿ. ತಟ್ಟೆಯಂತೆ ತೆಳ್ಳಗೆ, ಎರಡು ಕೈ ಚಾಚಿ, ಗರಗರ ತಿರುಗುವ ಗ್ಯಾಲಕ್ಸಿ. ನೋಡಿದ ದಿನವೇ ಅವಳು ಆ ಹೆಸರಿಟ್ಟಳು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರಲ್ಲ, ಇದು ಹೆಗ್ಗಣವೂ ಅಲ್ಲ, ನಿಜಕ್ಕೂ ಚೆಲುವಾಗಿತ್ತು. ಬುಗುರಿಯ ಹಾಲೋ ಬಹಳ ಕಾಲದಿಂದ ಇನ್ನೊಂದು ದೊಡ್ಡ ಹಾಲೋಗೆ ಡಿಕ್ಕಿ ಹೊಡೆದಿರಲಿಲ್ಲ. ಮನೆಯಲ್ಲಿ ನೆಮ್ಮದಿ ಇದ್ದದ್ದಕ್ಕೇ ಇಂಥ ನಾಜೂಕಿನ ತಟ್ಟೆ ಮೂಡಿತು ಎಂಬುದು ಅವಳ ವಾದ. ಎರಡು ವರ್ಷ ಕೂತು ಅದನ್ನೇ ಬರೆದಳು. ಥೀಸಿಸ್ಸಿನ ಬೆನ್ನೆಲುಬೇ ಆ ಅಧ್ಯಾಯ.

ಮೇಷ್ಟ್ರ ಗುಂಪಿನಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿದೆ, ಎರಡನೇ ಓಟ ಎಂದು ಅದರ ಹೆಸರು. ಒಬ್ಬರು ಯಂತ್ರದಲ್ಲಿ ಓಡಿಸಿದ್ದನ್ನು ಕಟ್ಟಡದಿಂದ ಹೊರಗೆ ಕಳಿಸುವ ಮುಂಚೆ, ಇನ್ನೊಬ್ಬರು ಮೊದಲಿನಿಂದ ಓಡಿಸಿ ನೋಡಬೇಕು. ಅದೇ ಯಂತ್ರ, ಅದೇ ಹನ್ನೆರಡು ರ‍್ಯಾಕ್. ಎರಡರ ಅಂಕಿಗಳೂ ಕೊನೆಯ ದಶಾಂಶದ ತನಕ ಒಂದೇ ಇರಬೇಕು. ಅವರ ಪ್ರೋಗ್ರಾಮನ್ನು ಬರೆದಿರುವುದೇ ಹಾಗೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಒಂದಂಕಿ ಆಚೀಚೆ ಆಗಿರಲಿಲ್ಲ.

ಗುಬ್ಬಿಯ ಮೊದಲ ಓಟ ಮುಗಿದು ಎಂಟು ತಿಂಗಳಾದ ಮೇಲೆ ಮೇಷ್ಟ್ರ ಇನ್ನೊಬ್ಬ ಶಿಷ್ಯ ಎರಡನೇ ಓಟ ಮಾಡಿದ. ಬುಗುರಿ ಇರಬೇಕಾದ ಜಾಗದಲ್ಲಿ ಬುಗುರಿ ಇರಲಿಲ್ಲ, ಒಂದು ಮುದ್ದೆ ಕೂತಿತ್ತು.

ಆ ದಿನ ನಾನು ಸಭೆಯ ಕೋಣೆಯಲ್ಲಿ ಏಣಿ ಹತ್ತಿ ಗಾಳಿ ಬರುವ ಜಾಲರಿ ಬಿಚ್ಚುತ್ತಿದ್ದೆ. ಕೆಳಗೆ ಮೇಷ್ಟ್ರು, ಶಿಷ್ಯ, ಗುಬ್ಬಿ ಮೂವರೇ. ಏಣಿಯ ಮೇಲಿದ್ದವನು ಯಾರ ಲೆಕ್ಕಕ್ಕೂ ಇರಲಿಲ್ಲ.

“ನಡುವೆ ಏನಾದ್ರೂ ಬದಲಾಯಿಸಿದ್ಯಾ?” ಎಂದರು ಮೇಷ್ಟ್ರು.

“ಇಲ್ಲ ಸರ್.”

“ಚೆನ್ನಾಗಿ ನೆನಪು ಮಾಡ್ಕೋ. ಒಂದು ಸಣ್ಣ ತಿದ್ದುಪಡಿ? ಚಿತ್ರ ಚೆನ್ನಾಗಿ ಬರಲಿ ಅಂತ?”

“ನೆನಪು ಮಾಡ್ಕೊಳ್ಳೋಕೆ ಏನೂ ಇಲ್ಲ ಸರ್. ನಾನು ಮುಟ್ಟಿಲ್ಲ.”

“ಮೊದಲ ಹತ್ತು ದಿನ ಎರಡೂ ಒಂದೇ ಇದೆ. ಹನ್ನೊಂದನೇ ದಿನದಿಂದ ದಾರಿ ಬೇರೆ ಆಗಿದೆ. ಯಂತ್ರದ್ದೇನಾದ್ರೂ ತೊಂದರೆಯಾ ಅಂದ್ರೆ, ಲಾಗ್ ಪುಸ್ತಕದಲ್ಲಿ ‘ಎಲ್ಲ ಸರಿ’ ಅಂತ ಬರೆದಿದೆ. ದೂರ್ವಾಸನ ಪುಸ್ತಕ ಸುಳ್ಳು ಹೇಳಲ್ಲ.” ಮೇಷ್ಟ್ರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಹದಿನೈದು ದಿನ ಕೊಡ್ತೀನಿ. ಕಾರಣ ಸಿಗದಿದ್ರೆ ನಾನು ಮೇಲಿನವರಿಗೆ ಬರೀಬೇಕಾಗುತ್ತೆ. ಆಮೇಲೆ ಅದು ಬರೀ ಒಂದು ಅಧ್ಯಾಯದ ಮಾತಾಗಿರಲ್ಲ, ನಿನ್ನ ಹೆಸರಿನ ಮಾತು.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈಯಿಂದ ಸ್ಕ್ರೂ ಜಾರಿ ಮೇಜಿನ ಮೇಲೆ ಟಣ್ ಎಂದು ಬಿತ್ತು. ಯಾರೂ ತಲೆಯೆತ್ತಿ ನೋಡಲಿಲ್ಲ.

ಹನ್ನೊಂದನೇ ದಿನ ಏನಾಗಿತ್ತು ಎಂದು ಬಲ್ಲವನು ಜಗತ್ತಿನಲ್ಲಿ ನಾನೊಬ್ಬನೇ. ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಒಂಬತ್ತನೇ ರ‍್ಯಾಕಿನ ಹಿಂದೆ ಕೊಳವೆಯ ಕೀಲಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಆ ರ‍್ಯಾಕನ್ನು ಆರಿಸಿದೆ. ಲೆಕ್ಕ ನಿಂತಿತು. ಆರು ಗಂಟೆಗೊಮ್ಮೆ ಯಂತ್ರ ತಾನು ಎಲ್ಲಿಗೆ ಬಂದೆ ಎಂಬುದನ್ನು ಉಳಿಸಿಟ್ಟುಕೊಳ್ಳುತ್ತದೆ. ಅಲ್ಲಿಂದ ಹಿಡಿದು ಉಳಿದ ಹನ್ನೊಂದು ರ‍್ಯಾಕುಗಳ ಮೇಲೆ ಮತ್ತೆ ಓಡಿಸಿದೆ. ಕೀಲಿಗೆ ಹೊಸ ವಾಷರ್ ಹಾಕಿದೆ, ನೆಲ ಒರೆಸಿದೆ. ಎರಡೇ ಗಂಟೆಯ ಕೆಲಸ. ಆಮೇಲೆ ಲಾಗ್ ಪುಸ್ತಕ ತೆರೆದು ‘ಎಲ್ಲ ಸರಿ’ ಎಂದು ಬರೆದೆ.

ಯಾಕೆಂದರೆ ಆ ದಿನ ಬಾಗಿಲ ಮೇಲಿನ ಅಂಕಿ ೯೯೮. ಇನ್ನೆರಡು ದಿನಕ್ಕೆ ಸಾವಿರ. ನಿರ್ದೇಶಕರೇ ಕೆಳಗೆ ಬಂದು ಫೋಟೊ ತೆಗೆಸಿಕೊಳ್ಳುವವರಿದ್ದರು. ತೆಗೆಸಿಕೊಂಡರು ಕೂಡ. ಆ ಫೋಟೊ ನಮ್ಮ ಮನೆಯ ಗೋಡೆಯಲ್ಲಿದೆ. ಇಂಥ ಹುಚ್ಚಿಗೆ ಏನೆನ್ನಬೇಕೋ ನನಗೆ ಗೊತ್ತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂಬ ಗಾದೆಯನ್ನು ಊರಿಗೆಲ್ಲ ಹೇಳುವವನು ನಾನೇ.

ಹನ್ನೆರಡರ ಬದಲು ಹನ್ನೊಂದರಲ್ಲಿ ಓಡಿದರೆ ಏನಾಗುತ್ತದೆ ಎಂದೂ ಗುಬ್ಬಿಯೇ ಹಿಂದೊಮ್ಮೆ ಹೇಳಿಕೊಟ್ಟಿದ್ದಳು. ಯಾವ ಅನಿಲದ ತುಣುಕು ಈಗ ನಕ್ಷತ್ರವಾಗಬೇಕು ಎನ್ನುವುದಕ್ಕೆ ಯಂತ್ರ ದಾಳ ಹಾಕುತ್ತದೆ. ಕೆಲಸ ಹಂಚಿದ ರೀತಿ ಅದೇ ಇದ್ದರೆ ಪ್ರತಿ ಸಲವೂ ದಾಳ ಅದೇ ಬೀಳುತ್ತದೆ, ಬೇರೆ ರೀತಿ ಹಂಚಿದರೆ ದಾಳಗಳೂ ಕೈ ಬದಲಾಯಿಸುತ್ತವೆ. ಮೊದಮೊದಲು ಕೂದಲೆಳೆಯಷ್ಟು ವ್ಯತ್ಯಾಸ. ಕೋಟಿ ಕೋಟಿ ವರ್ಷ ಉರುಳಿದ ಮೇಲೆ ಬುಗುರಿ ಮುದ್ದೆಯಾಗುತ್ತದೆ, ಮುದ್ದೆ ಬುಗುರಿಯಾಗುತ್ತದೆ.

ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳು ಆಸ್ಪತ್ರೆಯಲ್ಲಿ ನರ್ಸ್, ನನ್ನ ಸಿಟ್ಟಿಗೆ ಮೂರು ಕಾಸಿನ ಬೆಲೆ ಕೊಡದ ಏಕೈಕ ಜೀವ. ಬಟ್ಟೆ ಮಡಿಸುತ್ತಲೇ ಪೂರ್ತಿ ಕೇಳಿಸಿಕೊಂಡಳು.

“ರೀ, ನಮ್ಮ ವಾರ್ಡಲ್ಲಿ ಚಾರ್ಟಲ್ಲಿ ಸುಳ್ಳು ಬರೆದ್ರೆ, ಮುಂದಿನ ಪಾಳಿಯವಳು ಅದನ್ನೇ ನಂಬಿ ಸೂಜಿ ಚುಚ್ತಾಳೆ.”

“ನಾನೇನು ಯಾರಿಗೂ ಸೂಜಿ ಚುಚ್ಚಿಲ್ಲ.”

“ಆ ಹುಡುಗಿಗೆ ಚುಚ್ಚಿದ್ದೀರಲ್ಲ. ಇನ್ನೂ ತೆಗೆದಿಲ್ಲ.” ಮಡಿಸಿದ ಅಂಗಿಯನ್ನು ನನ್ನ ಮಡಿಲಿಗೆ ಹಾಕಿದಳು. “ನಾಳೆ ಇದನ್ನ ಹಾಕ್ಕೊಂಡು ಹೋಗಿ, ಹೇಳಿ ಬನ್ನಿ.”

ಮರುದಿನ ಗುಬ್ಬಿ ಯಂತ್ರದ ಕೋಣೆಗೆ ಬಂದಾಗ ಕಣ್ಣು ಊದಿಕೊಂಡಿತ್ತು. ಸ್ಟೂಲಿನ ಮೇಲೆ ಕೂರಿಸಿದೆ. ಫ್ಯಾನುಗಳ ಗದ್ದಲದಲ್ಲಿ ತಪ್ಪೊಪ್ಪಿಕೊಳ್ಳುವ ಕಷ್ಟ ಏನೆಂದು ಆಗ ಗೊತ್ತಾಯಿತು. ಪಿಸುಗುಟ್ಟುವಂತಿಲ್ಲ, ಕೂಗಿಯೇ ಹೇಳಬೇಕು. ಕೂಗಿ ಹೇಳಿದೆ. ಸೋರಿಕೆ, ಒಂಬತ್ತನೇ ರ‍್ಯಾಕ್, ೯೯೮, ಎಲ್ಲವನ್ನೂ.

ಬೈಗುಳಕ್ಕೆ ಬೆನ್ನು ಕೊಟ್ಟು ನಿಂತಿದ್ದೆ. ಅವಳು ಬೈಯುವ ಬದಲು ಲೆಕ್ಕ ಕೇಳತೊಡಗಿದಳು.

“ಎಷ್ಟು ಗಂಟೆಗೆ ಆರಿಸಿದ್ರಿ?”

“ಹತ್ತೂ ಇಪ್ಪತ್ತು.”

“ಮತ್ತೆ ಶುರು ಮಾಡಿದ್ದು ಎಷ್ಟು ಗಂಟೆ ಉಳಿಸಿದ್ದರಿಂದ?”

“ಬೆಳಿಗ್ಗೆ ಆರರದು.”

“ಅದು ಈಗಲೂ ಇದೆಯಾ?”

“ನಾನು ಏನನ್ನೂ ಎಸೆಯೋದಿಲ್ಲಮ್ಮ.”

ಅವಳು ಸ್ಟೂಲಿನಿಂದ ಜಿಗಿದು ನನ್ನ ಎರಡೂ ಕೈ ಹಿಡಿದುಕೊಂಡಳು. ಅಳುತ್ತಿದ್ದಳೋ ನಗುತ್ತಿದ್ದಳೋ ಹೇಳುವುದು ಕಷ್ಟ. “ಅಣ್ಣ, ಅಲ್ಲಿಂದ ಹನ್ನೊಂದರಲ್ಲೇ ಇನ್ನೊಂದ್ಸಲ ಓಡಿಸಿಕೊಡ್ತೀರಾ? ಮೇಷ್ಟ್ರಿಗೆ ಒಂದು ರ‍್ಯಾಕ್ ನಿಂತಿತ್ತು ಅಂತ ಹೇಳ್ತೀನಿ. ಯಾರು ಬರೀಲಿಲ್ಲ, ಯಾಕೆ ಬರೀಲಿಲ್ಲ ಅನ್ನೋದು ಲೆಕ್ಕಕ್ಕೆ ಬೇಡ. ಅದು ನಿಮ್ಮದು, ನನ್ನ ಬಾಯಿಂದ ಬರಲ್ಲ.”

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ನನಗೆ ಬೇಕಾಗಿದ್ದದ್ದೂ ಅದೇ. ಆ ಕ್ಷಣ ಎಷ್ಟು ಹಗುರವಾಯಿತೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಹತ್ತು ದಿನದ ಮೇಲೆ ಬುಗುರಿ ವಾಪಸು ಬಂತು. ಶಿಷ್ಯ ಕೂತು ಅಂಕಿಗೆ ಅಂಕಿ ಹೋಲಿಸಿದ, ಕೊನೆಯ ದಶಾಂಶದ ತನಕ ಅದೇ. ಮೇಷ್ಟ್ರು ತಾವೇ ಕೆಳಗಿಳಿದು ಬಂದರು, ಕೈಯಲ್ಲಿ ಚಹಾದ ಲೋಟ. ಅವತ್ತು ಕಸಿದುಕೊಳ್ಳಲು ನನಗೆ ಮುಖವಿರಲಿಲ್ಲ. ನಿಂತದ್ದು ಪುಸ್ತಕದಲ್ಲಿ ಯಾಕಿಲ್ಲ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

“ನಿನ್ನ ಮೇಲೆ ಅನುಮಾನ ಪಟ್ಟೆ, ತಪ್ಪಾಯ್ತು,” ಎಂದು ಅವಳಿಗೆ ನೇರವಾಗಿಯೇ ಹೇಳಿದರು. ದೊಡ್ಡ ಮನುಷ್ಯ. “ಇನ್ನೇನು, ಆ ಅಧ್ಯಾಯಕ್ಕೆ ಒಂದು ಅಡಿಟಿಪ್ಪಣಿ ಹಾಕು, ಹನ್ನೊಂದು ರ‍್ಯಾಕಿನಲ್ಲಿ ಓಡಿದ್ದು ಅಂತ. ಮುಗಿಸಿಬಿಡು.”

“ಮುಗಿಯಲ್ಲ ಸರ್.”

“ಯಾಕೆ?”

“ಹನ್ನೆರಡರಲ್ಲಿ ಮುದ್ದೆ, ಹನ್ನೊಂದರಲ್ಲಿ ಬುಗುರಿ. ಹಾಲೋ ಎರಡರಲ್ಲೂ ಅದೇ, ಅದರ ನೆಮ್ಮದಿಯೂ ಅದೇ. ನೆಮ್ಮದಿಯಿಂದಲೇ ಬುಗುರಿ ಹುಟ್ಟಿತು ಅಂತ ನಾನು ಹೇಗೆ ಬರೀಲಿ? ಹತ್ತರಲ್ಲಿ, ಒಂಬತ್ತರಲ್ಲಿ ಓಡಿಸಿ ನೋಡ್ಬೇಕು. ದಾಳ ಬದಲಾಯಿಸಿ ನೋಡ್ಬೇಕು. ಮೂರು ತಿಂಗಳು ಕೊಡಿ.”

ಮೇಷ್ಟ್ರು ಲೋಟ ಕೆಳಗಿಟ್ಟರು. “ಅಲ್ಲಿಗೆ ನಿನ್ನ ಅಧ್ಯಾಯ ಸತ್ತರೆ?”

“ಸಾಯೋದಿದ್ರೆ ಈಗಾಗಲೇ ಸತ್ತಿದೆ ಸರ್. ನಮಗೆ ಗೊತ್ತಿಲ್ಲ, ಅಷ್ಟೆ.”

ನಾನು ಮೂಲೆಯಲ್ಲಿ ಕೊಳವೆ ಒರೆಸುತ್ತಿದ್ದವನು ಹಾಗೇ ನಿಂತೆ. ಕೈಗೆ ಬಂದ ತುತ್ತು ಬಾಯಿಗೆ ಹೋಗುವಷ್ಟರಲ್ಲಿ, ಇದು ನಿಜವಾಗಿ ನನ್ನದೇನಾ ಎಂದು ತಟ್ಟೆಗೆ ವಾಪಸು ಇಟ್ಟು ನೋಡುವ ಹುಡುಗಿ. ನಾನು ಒಂದು ತಗಡಿನ ಅಂಕಿಯನ್ನು ಬಿಟ್ಟುಕೊಡಲಾರದೆ ಸುಳ್ಳು ಬರೆದವನು, ಇವಳು ಎರಡು ವರ್ಷವನ್ನು ಬಿಟ್ಟುಕೊಡಲು ತಾನೇ ಅನುಮತಿ ಕೇಳುತ್ತಿದ್ದಳು. ಅವಳ ಮುಂದೆ ನನ್ನ ಆರಡಿ ಆ ದಿನ ಯಾವ ಲೆಕ್ಕಕ್ಕೂ ಬರಲಿಲ್ಲ.

ಎಂಟು ಓಟಗಳಾದವು. ಒಂದೊಂದು ಮುಗಿದಾಗಲೂ ಸ್ಟೂಲು ಹತ್ತಿ ಎರಡೆರಡು ಚಿತ್ರಗಳನ್ನು ನನ್ನ ಕೋಣೆಯ ಹೊರಗೋಡೆಗೆ ಅಂಟಿಸಿದಳು. ಮೇಲೆ ಗ್ಯಾಲಕ್ಸಿ, ಕೆಳಗೆ ಅದರ ಹಾಲೋ. ಮೇಲಿನ ಸಾಲಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಎರಡು ಬುಗುರಿ, ನಾಲ್ಕು ಮುದ್ದೆ, ಕೈಗಳೇ ಇಲ್ಲದ ಒಂದು ದಪ್ಪ ತಟ್ಟೆ, ಅರ್ಧ ಹರಿದಂತಿದ್ದ ಇನ್ನೊಂದು. ಕೆಳಗಿನ ಸಾಲಿನಲ್ಲಿ ಎಂಟೂ ಒಂದೇ. ಅದೇ ಗಾತ್ರ, ಅದೇ ತೂಕ, ಅದೇ ತುಸು ಓರೆಯಾದ ಮೊಟ್ಟೆಯ ಆಕಾರ. ಅದಲು ಬದಲು ಮಾಡಿ ಅಂಟಿಸಿದರೂ ಗೊತ್ತಾಗುತ್ತಿರಲಿಲ್ಲ.

ನಾನು ಆ ಕೆಳಗಿನ ಸಾಲನ್ನು ನೋಡುತ್ತ ಬಹಳ ಹೊತ್ತು ನಿಂತೆ. ಕಾಣುವುದೆಲ್ಲ ದಾಳ ಬಿದ್ದಂತೆ ಕುಣಿದು ಬದಲಾಗುತ್ತಿದೆ, ಕಾಣದ ಆ ಮನೆ ಮಾತ್ರ ಎಂಟು ಸಲವೂ ಅಲ್ಲಾಡದೆ ನಿಂತಿದೆ. ನನ್ನ ಕೋಣೆಯಲ್ಲಿ ಇಂಥದ್ದು ನಡೆಯುತ್ತದೆಂದು ಇಪ್ಪತ್ತೆರಡು ವರ್ಷದಲ್ಲಿ ನನಗೆ ತಿಳಿದಿರಲಿಲ್ಲ.

“ಹೋಯ್ತು ಅಣ್ಣ ನನ್ನ ವಾದ,” ಎಂದಳು ಗುಬ್ಬಿ. ಮೂಗು ಕೆಂಪಾಗಿತ್ತು. “ಮನೆ ಅದೇ, ಹುಟ್ಟೋ ಮಕ್ಕಳು ಬೇರೆ ಬೇರೆ. ಬುಗುರಿ ಅಂದ್ರೆ ತುಂಬ ಇಷ್ಟ ಆಗಿತ್ತು ನಂಗೆ.” ಕೆಳಗಿನ ಸಾಲಿನ ಮೇಲೆ ಬೆರಳಾಡಿಸಿ, “ಆದ್ರೆ ಇದು ಅದಕ್ಕಿಂತ ಚೆನ್ನಾಗಿದೆ, ಅಲ್ವಾ?” ಎಂದಳು.

ಹೌದು ಎಂದೆ. ಸುಳ್ಳಲ್ಲ.

ಎರಡು ತಿಂಗಳು ಕೂತು ಅಧ್ಯಾಯವನ್ನು ತಲೆಕೆಳಗು ಮಾಡಿ ಬರೆದಳು. ಆಮೇಲೆ ಅವಳ ಮೌಖಿಕ ಪರೀಕ್ಷೆ. ಯಾರು ಬೇಕಾದರೂ ಕೂತು ಕೇಳಬಹುದಾದ್ದರಿಂದ ನಾನೂ ಹೆಂಡತಿ ಇಸ್ತ್ರಿ ಮಾಡಿಕೊಟ್ಟ ಅಂಗಿ ಹಾಕಿಕೊಂಡು ಕೊನೆಯ ಸಾಲಿನಲ್ಲಿ ಕೂತೆ. ಗುಬ್ಬಿ ಎಂಟು ಚಿತ್ರ ತೋರಿಸಿ ಮಾತಾಡಿದ್ದನ್ನು ಕೇಳಿ ನನಗೆ ಎದೆಯುಬ್ಬಿತು. ಅದು ಹೊರಗಿನಿಂದ ಬಂದ ಪರೀಕ್ಷಕಿ ನನ್ನ ಲಾಗ್ ಪುಸ್ತಕದ ಒಂದು ನಕಲನ್ನು ಚೀಲದಿಂದ ತೆಗೆಯುವ ತನಕ.

“ನಿಮ್ಮ ಕೆಲಸ ಚೆನ್ನಾಗಿದೆ,” ಎಂದರು ಆಕೆ. “ಆದರೆ ಒಂದು ಮಾತು. ಮೊದಲ ಓಟದ ಹನ್ನೊಂದನೇ ದಿನ ಒಂದು ರ‍್ಯಾಕ್ ನಿಂತಿತ್ತು ಅಂತೀರಿ. ಈ ಪುಸ್ತಕದಲ್ಲಿ ಆ ದಿನ ‘ಎಲ್ಲ ಸರಿ’ ಅಂತಿದೆ. ಅಂದ್ರೆ ನಡುವೆ ಯಾರೋ ಬದಲಾಯಿಸಿದ್ದಾರೆ, ಬದಲಾಯಿಸಿ ಮುಚ್ಚಿಟ್ಟಿದ್ದಾರೆ. ಯಾರು? ನೀವೇನಾ?”

“ನಾನಲ್ಲ ಮೇಡಂ.”

“ಮತ್ತೆ ಯಾರು? ನಿಮಗೆ ಗೊತ್ತಾ?”

ಮೇಷ್ಟ್ರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಒಂದು ಹೆಸರು ಹೇಳಿದ್ದರೆ ಗುಬ್ಬಿಯ ಕಷ್ಟ ಮುಗಿಯುತ್ತಿತ್ತು. ಹೇಳಲಿಲ್ಲ. ನನ್ನ ಕಡೆಗೆ ತಿರುಗಿಯೂ ನೋಡಲಿಲ್ಲ, ನೋಡಿದರೆ ನಾನು ಸಿಕ್ಕಿಬೀಳುತ್ತೇನೆಂದು. ಪರೀಕ್ಷಕಿ ಪೆನ್ನಿನ ಮುಚ್ಚಳ ತೆಗೆದು ಏನೋ ಬರೆಯಲು ಹೊರಟರು.

ಎದ್ದು ನಿಂತೆ.

“ಆ ಪುಸ್ತಕ ಸುಳ್ಳು ಹೇಳುತ್ತೆ ಮೇಡಂ. ಬರೆದವನು ನಾನು.” ಯಂತ್ರದ ಕೋಣೆಯಲ್ಲಿ ಮಾತಾಡಿ ಅಭ್ಯಾಸವಾದ ಗಂಟಲು. ಹಾಲ್ ಪೂರ್ತಿ ಕೇಳಿಸಿತು. “ಒಂಬತ್ತನೇ ರ‍್ಯಾಕ್ ಸೋರಿತ್ತು, ನಾನೇ ಆರಿಸಿದೆ, ನಾನೇ ಹನ್ನೊಂದರಲ್ಲಿ ಓಡಿಸಿದೆ. ಆ ಹುಡುಗಿಗೆ ಎಂಟು ತಿಂಗಳು ಗೊತ್ತೇ ಇರಲಿಲ್ಲ.”

“ಯಾಕೆ ಬರೀಲಿಲ್ಲ?”

“ಬಾಗಿಲ ಮೇಲೆ ಸಾವಿರ ಅಂತ ಹಾಕೋಕೆ ಎರಡು ದಿನ ಬಾಕಿ ಇತ್ತು.”

ಯಾರೋ ಕಿಸಕ್ಕೆಂದರು. ಪರೀಕ್ಷಕಿ ನಗಲಿಲ್ಲ, ಗುಬ್ಬಿಯ ಕಡೆ ತಿರುಗಿದರು.

“ನಿಮಗೆ ಗೊತ್ತಿದ್ದೂ ಯಾಕೆ ಹೇಳಲಿಲ್ಲ?”

“ಅದು ಅವರು ಹೇಳಬೇಕಾದ ಮಾತಾಗಿತ್ತು ಮೇಡಂ,” ಎಂದಳು ಗುಬ್ಬಿ.

ಪರೀಕ್ಷಕಿ ನನ್ನನ್ನೂ ಅವಳನ್ನೂ ಒಂದೊಂದು ಸಲ ನೋಡಿ, ಲಾಗ್ ಪುಸ್ತಕದ ನಕಲನ್ನು ಚೀಲಕ್ಕೆ ಹಾಕಿದರು. ಮುಂದಿನ ಪ್ರಶ್ನೆ ಹಾಲೋ ಆಕಾರದ ಬಗ್ಗೆ. ಒಂದು ಗಂಟೆಯ ಮೇಲೆ ಗುಬ್ಬಿ ಡಾಕ್ಟರಾಗಿ ಹೊರಗೆ ಬಂದಳು.

ಅಭಿನಂದನೆಯ ಗದ್ದಲದಲ್ಲಿ ನಾನು ನಿಲ್ಲಲಿಲ್ಲ. ಮೆಟ್ಟಿಲಲ್ಲಿ ಮೇಷ್ಟ್ರು ಸಿಕ್ಕಿ, “ನಿನ್ನಿಂದ ಇದನ್ನ ನಿರೀಕ್ಷಿಸಿರಲಿಲ್ಲ,” ಎಂದರು. ಸುಳ್ಳಿನ ಬಗ್ಗೆ ಹೇಳಿದರೋ ಎದ್ದು ನಿಂತದ್ದರ ಬಗ್ಗೆಯೋ ನಾನು ಕೇಳಲಿಲ್ಲ. ಸಂಜೆಯೊಳಗೆ ನಿರ್ದೇಶಕರ ಎಚ್ಚರಿಕೆಯ ಪತ್ರವೂ ಬಂತು. ಸಹಿ ಹಾಕಿ ತೆಗೆದುಕೊಂಡೆ. ಮನೆಗೆ ಹೊರಡುವ ಮುಂಚೆ ಬಾಗಿಲ ಮೇಲಿನ ೧,೪೪೬ರ ನಾಲ್ಕೂ ತಗಡುಗಳನ್ನು ಕಳಚಿ, ಬಲತುದಿಯ ಕೊಕ್ಕೆಗೆ ಒಂದು ಸೊನ್ನೆ ತೂಗುಹಾಕಿದೆ. ಲಾಗ್ ಪುಸ್ತಕದ ಆ ಹಳೆಯ ಪುಟ ತೆರೆದು ‘ಎಲ್ಲ ಸರಿ’ಯ ಮೇಲೆ ಗೆರೆ ಎಳೆದು, ನಡೆದದ್ದನ್ನು ಗಂಟೆ ಸಮೇತ ಬರೆದು, ತಿದ್ದಿದ ದಿನದ ತಾರೀಖು ಹಾಕಿ ಸಹಿ ಮಾಡಿದೆ. ಖಾಲಿ ಮೂರು ಕೊಕ್ಕೆಗಳನ್ನು ನೋಡುವುದು ಸುಲಭವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಎಂದಿನಂತೆ ಎಂಟಕ್ಕೇ ಬಂದೆ. ಫಲಕದಲ್ಲಿ ಸೊನ್ನೆ ಇರಲಿಲ್ಲ. ಅದರ ಜಾಗದಲ್ಲಿ ‘೧’ ನೇತಾಡುತ್ತಿತ್ತು, ತುಸು ಓರೆಯಾಗಿ. ಕೆಳಗೆ, ಬಾಗಿಲಿಗೆ ಸರಿಯಾಗಿ ಅಡ್ಡಲಾಗಿ, ನನ್ನ ಸ್ಟೂಲು ನಿಂತಿತ್ತು.

ಈ ಸಲ ಬೈಯಲಿಲ್ಲ. ಸ್ಟೂಲನ್ನು ಎತ್ತಿ ಒಳಗೆ ಅದರ ಜಾಗದಲ್ಲಿ ಇಟ್ಟೆ.